ಶ್ವಾಸಕೋಶದ ರಕ್ತಸ್ರಾವವೂ ಧಮನೀರೋಧ ಚಿಕಿತ್ಸೆಯೂ

೧೮೨೦ರ ಫೆಬ್ರವರಿ ೩ರ ರಾತ್ರಿ, ಕೊರೆಯುವ ಚಳಿಯಲ್ಲಿ ಗಾಡಿಯ ಹೊರಪೀಠದ ಮೇಲೆ ಕುಳಿತು ಪ್ರಯಾಣ ಮಾಡಿ ಲಂಡನ್ನಿನ ಹ್ಯಾಂಪ್‌ಸ್ಟೆಡ್ಡಿನ ತನ್ನ ಬಿಡಾರಕ್ಕೆ ಮರಳಿದ ಕವಿ ಜಾನ್ ಕೀಟ್ಸ್, ಹಾಸಿಗೆಯನ್ನು ಸೇರುತ್ತಿದ್ದಂತೆಯೇ ಒಮ್ಮೆ ಕೆಮ್ಮಿ, ಬಟ್ಟೆಯ ಮೇಲೆ ಬಿದ್ದ ಹನಿಯನ್ನು ಮೇಣದ ಬತ್ತಿಯ ಬೆಳಕಿಗೆ ಹಿಡಿದು ನೋಡಿ, ಅದು ಧಮನಿಯ ರಕ್ತವೆಂದೂ ತನ್ನ ಆಯುಸ್ಸು ಇನ್ನು ಬಹಳ ದಿನದ್ದಲ್ಲವೆಂದೂ ಜತೆಗಿದ್ದ ಗೆಳೆಯನಿಗೆ ತಿಳಿಸಿದನು. ಗೈಸ್ ಆಸ್ಪತ್ರೆಯಲ್ಲಿ ವೈದ್ಯವಿದ್ಯೆಯನ್ನು ಕಲಿತು, ಕ್ಷಯದಿಂದ ಸತ್ತ ತಮ್ಮನಿಗೆ ತಾನೇ ಶುಶ್ರೂಷೆ ಮಾಡಿದ್ದ ಅವನಿಗೆ ಆ ಕೆಂಪಿನ ಅರ್ಥವನ್ನು ಬೇರೊಬ್ಬರು ಹೇಳಬೇಕಾಗಿರಲಿಲ್ಲ. ಆದರೆ ಅವನ ವೈದ್ಯರು ಮಾಡಿದುದೇನು? ರಕ್ತವನ್ನು ಕಳೆದುಕೊಳ್ಳುತ್ತಿದ್ದವನ ತೋಳಿನ ನಾಳವನ್ನು ಸೀಳಿ ಮತ್ತಷ್ಟು ರಕ್ತವನ್ನು ಹೊರಹರಿಸಿದರು, ಅರೆಹೊಟ್ಟೆಯ ಪಥ್ಯದಲ್ಲಿಟ್ಟರು. ಮರುವರ್ಷದ ಫೆಬ್ರವರಿ ೨೩ರಂದು ರೋಮಿನಲ್ಲಿ ಅವನು ತೀರಿಕೊಂಡಾಗ ಅವನ ವಯಸ್ಸು ೨೫. ಮುಂದೆ ೧೮೯೭ರಲ್ಲಿ, ಸ್ವತಃ ವೈದ್ಯನಾಗಿದ್ದ ಚೆಕೋವನು ಮಾಸ್ಕೋದ ಭೋಜನಗೃಹವೊಂದರಲ್ಲಿ ಊಟಕ್ಕೆ ಕುಳಿತಿದ್ದಾಗ ಬಾಯಿಂದ ರಕ್ತ ಹರಿದುದಷ್ಟೆ. ಆ ಹೊತ್ತಿಗೆ ನೆತ್ತರು ಹರಿಸುವ ಪದ್ಧತಿ ಹಿಂದೆ ಬಿದ್ದಿತ್ತಾದರೂ, ಮಂಜುಗಡ್ಡೆ, ಮೌನ, ಹಾಸಿಗೆ ಇವಿಷ್ಟನ್ನು ಬಿಟ್ಟರೆ ವೈದ್ಯನ ಕೈಯಲ್ಲಿ ಹೆಚ್ಚಿನದೇನೂ ಇರಲಿಲ್ಲ.

ಕೀಟ್ಸನು ಬಣ್ಣವನ್ನು ನೋಡಿ ಆಡಿದ ಮಾತಿನಲ್ಲಿ, ಅವನ ಕಾಲದ ವೈದ್ಯಶಾಸ್ತ್ರ ಅರಿತಿರದ ಒಂದು ತಥ್ಯವಿದ್ದಿತು. ಕೆಮ್ಮಿನೊಡನೆ ಬರುವ ರಕ್ತ, ಅದು ಹುಟ್ಟಿದ ನಾಳ ಯಾವುದೇ ಇರಲಿ, ಗಾಳಿಯೊಡನೆ ಬೆರೆತು ಕೆಂಪಾಗಿ ನೊರೆನೊರೆಯಾಗಿ ಬರುವುದುಂಟು. ಆದ್ದರಿಂದ ಬಣ್ಣವೊಂದೇ ಸಾಕ್ಷ್ಯವಾಗಲಾರದು. ಆದರೂ ಇಂದು ನಾವು ಬಲ್ಲ ಮಟ್ಟಿಗೆ, ಶ್ವಾಸಕೋಶದಿಂದ ಹೇರಳವಾಗಿ ಹರಿಯುವ ರಕ್ತದ ಪ್ರಸಂಗಗಳಲ್ಲಿ ನೂರಕ್ಕೆ ಸುಮಾರು ೯೦ರಲ್ಲಿ ಆ ರಕ್ತ ಮಹಾಧಮನಿಯಿಂದ ನೇರವಾಗಿ ಕವಲೊಡೆದು ಬಂದ ಸಣ್ಣ ನಾಳಗಳದು. ಆ ನಾಳಗಳನ್ನು ಒಳಗಿನಿಂದಲೇ ಮುಚ್ಚಿ ರಕ್ತಸ್ರಾವವನ್ನು ತಡೆಯುವ ವಿಧಾನ, ಆಸ್ಪತ್ರೆಗಳಲ್ಲಿ ಎಂಬೊಲೈಸೇಷನ್ ಎಂದು ಹೆಸರಾಗಿರುವ ಧಮನೀರೋಧ ಚಿಕಿತ್ಸೆ, ಬಳಕೆಗೆ ಬಂದು ಅರ್ಧ ಶತಮಾನ ಸಂದಿದೆ. ಅದು ಏನನ್ನು ಸಾಧಿಸಬಲ್ಲುದು, ಏನನ್ನು ಸಾಧಿಸಲಾರದು ಎಂಬುದನ್ನು ಪರಿಶೀಲಿಸಲು ಇಷ್ಟು ಕಾಲದ ಅನುಭವ ಸಾಕು.

ಕಫದಲ್ಲಿ ರಕ್ತದ ಎಳೆ ಕಂಡವರೆಲ್ಲರಿಗೂ ಈ ಚಿಕಿತ್ಸೆ ಬೇಕಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಾಮಾನ್ಯ ಶ್ವಾಸನಾಳದ ಉರಿಯೂತದಲ್ಲಿಯೂ ಅಂಥ ಎಳೆ ಕಾಣಿಸಿಕೊಳ್ಳಬಹುದು. ಕಾರಣವನ್ನು ಹುಡುಕಿ ಔಷಧ ಕೊಟ್ಟರೆ ಬಹುಪಾಲು ಜನರಲ್ಲಿ ಅದು ನಿಲ್ಲುತ್ತದೆ. ವಿಪತ್ತೆನಿಸುವುದು ದೊಡ್ಡ ಪ್ರಮಾಣದ ಸ್ರಾವ. ಎಷ್ಟಾದರೆ ದೊಡ್ಡದು ಎಂಬುದರಲ್ಲಿ ಗ್ರಂಥಗಳಿಗೆ ಏಕವಾಕ್ಯತೆಯಿಲ್ಲ: ದಿನವೊಂದಕ್ಕೆ ೧೦೦ ಮಿಲಿಲೀಟರ್ ಎಂದವರೂ ಇದ್ದಾರೆ, ೧,೦೦೦ ಎಂದವರೂ ಇದ್ದಾರೆ, ರೂಢಿಯಲ್ಲಿರುವುದು ೩೦೦ರಿಂದ ೬೦೦ರವರೆಗಿನ ಅಳತೆ. ಈ ಜಗಳ ನನಗೆ ಅಷ್ಟೇನೂ ಫಲಪ್ರದವಾಗಿ ತೋರುವುದಿಲ್ಲ. ಏಕೆಂದರೆ ಇಂಥ ರೋಗಿ ಸಾಯುವುದು ರಕ್ತ ಬರಿದಾಗಿ ಅಲ್ಲ, ತನ್ನದೇ ರಕ್ತದಲ್ಲಿ ಉಸಿರು ಕಟ್ಟಿ. ಮೂಗಿನಿಂದ ಹಿಡಿದು ಶ್ವಾಸಕೋಶದೊಳಗಿನ ಕವಲುಗಳವರೆಗೆ ಗಾಳಿ ಬರಿದೇ ಸಂಚರಿಸುವ ದಾರಿಯ ಒಟ್ಟು ಅವಕಾಶ ಪ್ರೌಢ ಮನುಷ್ಯನಲ್ಲಿ ಸುಮಾರು ೧೫೦ ಮಿಲಿಲೀಟರ್ ಮಾತ್ರ. ಒಂದು ಲೋಟ ಕಾಫಿಯಷ್ಟು ರಕ್ತ ಅಲ್ಲಿ ಹೆಪ್ಪುಗಟ್ಟಿ ನಿಂತರೆ, ಮೈಯಲ್ಲಿ ಇನ್ನೂ ನಾಲ್ಕೂವರೆ ಲೀಟರ್ ರಕ್ತವಿದ್ದರೂ ಪ್ರಯೋಜನವಿಲ್ಲ. ಮೊದಲೇ ಶ್ವಾಸಕೋಶ ಅರ್ಧ ನಾಶವಾಗಿ, ಕೆಮ್ಮುವ ಶಕ್ತಿಯೂ ಉಡುಗಿದ ವೃದ್ಧನಿಗೆ ೧೦೦ ಮಿಲಿಲೀಟರೂ ಮಾರಕ; ಗಟ್ಟಿಯಾಗಿ ಕೆಮ್ಮಬಲ್ಲ ತರುಣ ೪೦೦ನ್ನು ಉಗುಳಿ ಬದುಕಿಕೊಂಡಾನು.

ಮನುಷ್ಯನ ಶ್ವಾಸಕೋಶಕ್ಕೆ ರಕ್ತ ಎರಡು ದಾರಿಗಳಿಂದ ಬರುತ್ತದೆ. ಹೃದಯದ ಬಲಭಾಗದಿಂದ ಹೊರಟ ಪುಪ್ಪುಸ ಧಮನಿಯ ದಾರಿ ಹೆದ್ದಾರಿ. ಶ್ವಾಸಕೋಶವನ್ನು ಸೇರುವ ರಕ್ತದಲ್ಲಿ ನೂರಕ್ಕೆ ೯೯ ಪಾಲು ಪ್ರಾಣವಾಯುವನ್ನು ತುಂಬಿಕೊಳ್ಳುವುದಕ್ಕಾಗಿ ಈ ದಾರಿಯಲ್ಲಿ ಬರುತ್ತದೆ, ಆದರೆ ಇಲ್ಲಿಯ ಒತ್ತಡ ಬಹಳ ಕಡಮೆ. ಇನ್ನೊಂದು, ಎದೆಯಲ್ಲಿ ಇಳಿಯುವ ಮಹಾಧಮನಿಯಿಂದ ಸಾಮಾನ್ಯವಾಗಿ ಐದನೆಯ ಅಥವಾ ಆರನೆಯ ಎದೆಯ ಕಶೇರುಕದ ಮಟ್ಟದಲ್ಲಿ ಹೊರಡುವ ಬ್ರಾಂಕಿಯಲ್ ಧಮನಿಗಳ ದಾರಿ. ಇವು ಹೊರುವುದು ಉಳಿದ ನೂರರಲ್ಲೊಂದು ಪಾಲು; ಇವುಗಳ ಕೆಲಸ ಶ್ವಾಸನಾಳಗಳ ಗೋಡೆಗೆ, ಅನ್ನನಾಳದ ನಡುಭಾಗಕ್ಕೆ, ಹತ್ತಿರದ ಗ್ರಂಥಿಗಳಿಗೆ ಆಹಾರವನ್ನೊದಗಿಸುವುದು. ಆರೋಗ್ಯವಂತನಲ್ಲಿ ಇವುಗಳ ಅಗಲ ಬುಡದಲ್ಲಿಯೇ ಒಂದೂವರೆ ಮಿಲಿಮೀಟರ್ ಮೀರದು. ಆದರೆ ಮಹಾಧಮನಿಯ ಮಕ್ಕಳಾದುದರಿಂದ ಇವುಗಳೊಳಗಿನ ಒತ್ತಡ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ರಕ್ತದೊತ್ತಡದಷ್ಟೇ, ಎಂದರೆ ಪುಪ್ಪುಸ ಧಮನಿಯಲ್ಲಿರುವುದರ ನಾಲ್ಕೈದು ಪಟ್ಟು. ೧೯೪೮ರಲ್ಲಿ ಕಾಲ್ಡ್‌ವೆಲ್ ಮತ್ತು ಸಂಗಡಿಗರು ೧೫೦ ಮೃತದೇಹಗಳನ್ನು ಛೇದಿಸಿ ನೋಡಿ, ಈ ನಾಳಗಳ ಸಂಖ್ಯೆಯೂ ಉಗಮವೂ ಒಬ್ಬೊಬ್ಬರಲ್ಲಿ ಒಂದೊಂದು ಬಗೆಯೆಂದು ತೋರಿಸಿದರು. ಎಡಕ್ಕೆ ಎರಡು, ಬಲಕ್ಕೆ ಪಕ್ಕೆಲುಬಿನ ಧಮನಿಯೊಡನೆ ಒಂದೇ ಬುಡದಿಂದ ಹೊರಟ ಒಂದು, ಈ ವಿನ್ಯಾಸವೇ ಹೆಚ್ಚಾಗಿ, ನೂರಕ್ಕೆ ೪೦ರಷ್ಟು ಜನರಲ್ಲಿ, ಕಂಡಿತು. ಅಂದಿನ ಆ ಶವಚ್ಛೇದನದ ನಕ್ಷೆಗಳನ್ನು ಇಂದಿಗೂ ಈ ಚಿಕಿತ್ಸೆಯನ್ನು ಕಲಿಯುವವರು ಬಾಯಿಪಾಠ ಮಾಡುತ್ತಾರೆ.

ಇಷ್ಟು ಸಣ್ಣ ನಾಳಗಳು ಮನುಷ್ಯನನ್ನು ಕೊಲ್ಲುವ ಮಟ್ಟಿಗೆ ಬೆಳೆಯುವುದು ಹೇಗೆ? ಕ್ಷಯವಾಗಲಿ, ಶ್ವಾಸನಾಳಗಳು ಹಿಗ್ಗಿ ಕೀವುಗೂಡುವ ಬ್ರಾಂಕಿಯೆಕ್ಟೆಸಿಸ್ ಆಗಲಿ, ವರುಷಗಟ್ಟಲೆ ಶ್ವಾಸಕೋಶದ ಒಂದು ಭಾಗವನ್ನು ಸುಡುತ್ತಿದ್ದರೆ, ಅಲ್ಲಿಯ ಪುಪ್ಪುಸ ಧಮನಿಯ ಕವಲುಗಳು ಕ್ರಮೇಣ ಸಂಕೋಚಗೊಂಡೋ ಹೆಪ್ಪುಗಟ್ಟಿಯೋ ಮುಚ್ಚಿಹೋಗುತ್ತವೆ. ರಕ್ತಕ್ಕಾಗಿ ಹಸಿದ ಆ ಊತಕ ಹೊಸ ನಾಳಗಳನ್ನು ಬೆಳೆಸುವ ರಾಸಾಯನಿಕಗಳನ್ನು ಸುರಿಸತೊಡಗುತ್ತದೆ. ಆ ಕರೆಗೆ ಓಗೊಟ್ಟು ಬ್ರಾಂಕಿಯಲ್ ಧಮನಿಗಳು ಹಿಗ್ಗಿ, ಸುತ್ತಿ ಸುರುಳಿಯಾಗಿ, ತೆಳುಗೋಡೆಯ ಅಸಂಖ್ಯ ಮರಿನಾಳಗಳನ್ನು ಹಡೆಯುತ್ತವೆ. ತೆಳುವಾದ ಗೋಡೆ, ಮಹಾಧಮನಿಯ ಒತ್ತಡ, ಪಕ್ಕದಲ್ಲಿಯೇ ಕೊಳೆಯುತ್ತಿರುವ ಊತಕ: ಈ ಮೂರೂ ಕೂಡಿದ ಕಡೆ ಒಂದು ಕೆಮ್ಮು ಸಾಕು. ಇನ್ನೂ ಗಮನಿಸತಕ್ಕ ಸಂಗತಿಯೆಂದರೆ, ರೋಗಾಣು ಸತ್ತ ಮೇಲೆಯೂ ಈ ನಾಳಗಳು ಸಾಯುವುದಿಲ್ಲ. ಆರು ತಿಂಗಳ ಔಷಧವನ್ನು ತಪ್ಪದೆ ನುಂಗಿ, ಕಫಪರೀಕ್ಷೆಯಲ್ಲಿ ರೋಗಾಣುವಿಲ್ಲವೆಂದು ಬರೆಯಿಸಿಕೊಂಡು, ಗುಣವಾಯಿತೆಂದು ಮನೆಗೆ ಹೋದವನು ಹತ್ತು ವರುಷಗಳ ಮೇಲೆ ಒಂದು ಬೆಳಗ್ಗೆ ರಕ್ತವನ್ನು ಕಾರುವುದುಂಟು. ಕ್ಷಯ ಮರುಕಳಿಸಿತೆಂದು ಹೆದರಿ ಪರೀಕ್ಷೆ ಮಾಡಿಸಿದರೆ ರೋಗಾಣು ಒಂದೂ ಸಿಕ್ಕದು. ಅವನನ್ನು ಕಾಡುತ್ತಿರುವುದು ಹಳೆಯ ರೋಗ ಬಿಟ್ಟುಹೋದ ಗುಹೆ, ಆ ಗುಹೆಯ ಸುತ್ತ ಹೆಣೆದುಕೊಂಡ ನಾಳಜಾಲ, ಕೆಲವೊಮ್ಮೆ ಆ ಗುಹೆಯಲ್ಲಿ ಮನೆಮಾಡಿದ ಆಸ್ಪರ್ಜಿಲಸ್ ಎಂಬ ಬೂಷ್ಟಿನ ಉಂಡೆ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಇರುವ ನಮ್ಮ ದೇಶದಲ್ಲಿ ಇಂಥವರು ಅಪರೂಪದವರಲ್ಲ.

ಧಮನೀರೋಧಕ್ಕೆ ಮುಂಚಿನ ಉಪಾಯಗಳನ್ನು ದೀರ್ಘವಾಗಿ ವರ್ಣಿಸಬೇಕಾಗಿಲ್ಲ. ಇಟಲಿಯ ಫೋರ್ಲಾನೀನಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರಚಾರಕ್ಕೆ ತಂದ, ಎದೆಗೂಡಿನೊಳಕ್ಕೆ ಗಾಳಿಯನ್ನು ತುಂಬಿ ಶ್ವಾಸಕೋಶವನ್ನು ಕುಗ್ಗಿಸುವ ಕ್ರಮ ಕೆಲವರಲ್ಲಿ ರಕ್ತವನ್ನು ನಿಲ್ಲಿಸುತ್ತಿತ್ತು. ಪಕ್ಕೆಲುಬುಗಳನ್ನು ಕತ್ತರಿಸಿ ಎದೆಯನ್ನೇ ತಗ್ಗಿಸುವ ಭೀಕರ ಶಸ್ತ್ರಕ್ರಿಯೆಯೂ ಇದ್ದಿತು. ಕ್ಷಯದಿಂದ ತೀರಿಕೊಂಡ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನಲ್ಲಿ ಎದ್ದ ಆರೋಗ್ಯಧಾಮದಂಥ ಕಡೆಗಳಲ್ಲಿ ಶುದ್ಧವಾಯು, ಪುಷ್ಟಿಯಾದ ಆಹಾರ, ವಿಶ್ರಾಂತಿ ಇವೇ ಮುಖ್ಯ ಚಿಕಿತ್ಸೆಯಾಗಿದ್ದ ಕಾಲವದು. ಆಮೇಲೆ ಶಸ್ತ್ರವೈದ್ಯರು ರಕ್ತ ಸ್ರವಿಸುವ ಭಾಗವನ್ನೇ ಕತ್ತರಿಸಿ ತೆಗೆಯುವುದರಲ್ಲಿ ನಿಪುಣರಾದರು. ಬರಿಯ ಔಷಧವನ್ನು ನೆಚ್ಚಿದರೆ ಭಾರಿ ಸ್ರಾವದ ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಉಳಿಯುತ್ತಿರಲಿಲ್ಲವಾದುದರಿಂದ ಅದು ದೊಡ್ಡ ಮುನ್ನಡೆಯೇ ಸರಿ. ಆದರೆ ಸ್ರಾವದ ನಡುವೆಯೇ ತುರ್ತಾಗಿ ಎದೆಯನ್ನು ತೆರೆದಾಗ ಐವರಲ್ಲೊಬ್ಬರು, ಕೆಲವೆಡೆ ಇನ್ನೂ ಹೆಚ್ಚು ಮಂದಿ, ಶಸ್ತ್ರಕ್ರಿಯೆಯಿಂದಲೇ ಸಾಯುತ್ತಿದ್ದರು. ಎರಡೂ ಶ್ವಾಸಕೋಶಗಳು ಹಾಳಾದವರಿಗಂತೂ ಕತ್ತರಿಸಿ ತೆಗೆಯುವ ಮಾತೇ ಇರಲಿಲ್ಲ.

ಹೊಸ ದಾರಿ ತೆರೆದುದು ಶಸ್ತ್ರವೈದ್ಯರಿಂದಲ್ಲ, ಅದುವರೆಗೆ ಚಿತ್ರ ತೆಗೆಯುವವರೆಂದು ಮಾತ್ರ ಪರಿಗಣಿತರಾಗಿದ್ದ ಕ್ಷಕಿರಣ ವೈದ್ಯರಿಂದ. ಸ್ಟಾಕ್‌ಹೋಮಿನ ಸ್ವೆನ್ ಐವರ್ ಸೆಲ್ಡಿಂಗರ್ ೧೯೫೩ರಲ್ಲಿ ಪ್ರಕಟಿಸಿದ ಉಪಾಯ ಕೇಳುವುದಕ್ಕೆ ಅತಿ ಸರಳ: ಧಮನಿಯನ್ನು ಸೂಜಿಯಿಂದ ಚುಚ್ಚುವುದು, ಸೂಜಿಯೊಳಗಿಂದ ತಂತಿಯೊಂದನ್ನು ತೂರಿಸುವುದು, ಸೂಜಿಯನ್ನು ತೆಗೆದು ಆ ತಂತಿಯ ಮೇಲೆ ಕ್ಯಾತಿಟರ್ ಎಂಬ ತೆಳುಕೊಳವೆಯನ್ನು ಜಾರಿಸುವುದು. ಇಷ್ಟರಿಂದ ದೇಹದ ಯಾವ ಧಮನಿಯನ್ನಾದರೂ ಕತ್ತಿಯಿಲ್ಲದೆ ತಲುಪಬಹುದೆಂದಾಯಿತು. ೧೯೬೪ರಲ್ಲಿ ವಿಯಾಮಾಂಟೆ ಜೀವಂತ ಮನುಷ್ಯನ ಬ್ರಾಂಕಿಯಲ್ ಧಮನಿಯೊಳಕ್ಕೆ ಕ್ಷಕಿರಣಚಿತ್ರದಲ್ಲಿ ಕಾಣಿಸುವ ಡೈ ಹಾಯಿಸಿ ಚಿತ್ರ ತೆಗೆದರು. ನೋಡಬಹುದಾದ ನಾಳವನ್ನು ಮುಚ್ಚಲೂಬಹುದು ಎಂಬ ಮುಂದಿನ ಹೆಜ್ಜೆಯನ್ನು ಇಟ್ಟವರು ಫ್ರಾನ್ಸಿನ ಲಿಲ್ ನಗರದ ಝಾಕ್ ರೆಮಿ. ೧೯೭೩ರಲ್ಲಿ ಅವರು ತಮ್ಮ ಮೊದಲ ವರದಿಯನ್ನು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದರು. ೧೯೭೭ರಲ್ಲಿ ೧೦೪ ರೋಗಿಗಳ ಅನುಭವವನ್ನು ಇಂಗ್ಲಿಷಿನಲ್ಲಿ ಲೋಕದ ಮುಂದಿಟ್ಟರು. ಅವರಲ್ಲಿ ರಕ್ತ ಹರಿಯುತ್ತಿರುವಾಗಲೇ ಚಿಕಿತ್ಸೆ ಪಡೆದ ೪೯ ಮಂದಿಯ ಪೈಕಿ ೪೧ ಮಂದಿಯಲ್ಲಿ ಸ್ರಾವ ಕೂಡಲೇ ನಿಂತಿತು, ಆ ೪೧ರಲ್ಲಿ ಆರು ಮಂದಿಗೆ ಕೆಲವು ತಿಂಗಳೊಳಗೆ ಮರುಕಳಿಸಿತು. ಈ ಚಿಕಿತ್ಸೆಯ ಬಲವೂ ದೌರ್ಬಲ್ಯವೂ ಆ ಒಂದು ವಾಕ್ಯದಲ್ಲಿಯೇ ಅಡಗಿದ್ದವು. ಮುಂದಿನ ಐವತ್ತು ವರುಷಗಳ ವರದಿಗಳೆಲ್ಲ ಒಂದರ್ಥದಲ್ಲಿ ಅದರ ವ್ಯಾಖ್ಯಾನ.

ಕೆಲಸ ನಡೆಯುವ ಬಗೆಯನ್ನು ಹತ್ತಿರದಿಂದ ನೋಡೋಣ. ರೋಗಿಯನ್ನು ಕ್ಯಾತ್‌ಲ್ಯಾಬಿನ, ಎಂದರೆ ಕ್ಯಾತಿಟರ್ ಹಾಯಿಸುವ ಕೊಠಡಿಯ, ಮೇಜಿಗೆ ತರುವ ಮೊದಲೇ ಅವನ ಉಸಿರಿನ ದಾರಿಯನ್ನು ಕಾಪಾಡಿಕೊಳ್ಳಬೇಕು. ಯಾವ ಬದಿಯಿಂದ ರಕ್ತ ಬರುತ್ತಿದೆಯೋ ಆ ಮಗ್ಗುಲಿಗೇ ಅವನನ್ನು ಮಲಗಿಸುವುದು ಪ್ರಥಮ ಸೂತ್ರ. ಆ ಮಗ್ಗುಲು ಮೇಲಾಗುವಂತೆ ಮಲಗಿಸಿದರೆ ರಕ್ತ ಒಳ್ಳೆಯ ಶ್ವಾಸಕೋಶಕ್ಕೆ ಹರಿದು ಅದನ್ನೂ ಮುಳುಗಿಸುತ್ತದೆ. ಬದಿ ಯಾವುದೆಂದು ಕೇಳಿದರೆ ಕೆಲವು ರೋಗಿಗಳು ತಾವೇ ಎದೆಯ ಮೇಲೆ ಕೈಯಿಟ್ಟು, ಇಲ್ಲಿ ಬಿಸಿಯಾಗಿ ಗುಳುಗುಳು ಎನ್ನುತ್ತದೆ ಎಂದು ತೋರಿಸುವುದುಂಟು. ಆ ಮಾತನ್ನು ಅಲಕ್ಷಿಸಬಾರದು. ರಕ್ತ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದು, ಬೇಕಾದರೆ ಒಂದೇ ಶ್ವಾಸಕೋಶಕ್ಕೆ ಗಾಳಿಯೂಡುವ ಕೊಳವೆ, ಸಾಧ್ಯವಿದ್ದರೆ ಡೈ ಕೊಟ್ಟು ತೆಗೆದ ಸಿಟಿ ಸ್ಕ್ಯಾನ್: ಇಷ್ಟಾದ ಮೇಲೆ ಮೇಜು. ಈ ಸ್ಕ್ಯಾನ್ ಬಂದ ಮೇಲೆ ಕುರುಡು ಹುಡುಕಾಟ ಬಹುಮಟ್ಟಿಗೆ ತಪ್ಪಿದೆ. ಯಾವ ನಾಳ ಎರಡು ಮಿಲಿಮೀಟರ್ ಮೀರಿ ದಪ್ಪವಾಗಿದೆ, ಎಲ್ಲಿಂದ ಹೊರಟಿದೆ ಎಂಬುದನ್ನು ಅದು ಮುಂದಾಗಿಯೇ ಹೇಳುತ್ತದೆ.

ರೋಗಿ ಎಚ್ಚರವಾಗಿಯೇ ಇರುತ್ತಾನೆ. ತೊಡೆಸಂದಿಯಲ್ಲಿ ಚುಚ್ಚಿದ ಜಾಗಕ್ಕಷ್ಟೇ ಅರಿವಳಿಕೆ. ಅಲ್ಲಿಂದ ಮಹಾಧಮನಿಯನ್ನೇರಿದ, ತುದಿ ಬಾಗಿದ ಕ್ಯಾತಿಟರಿನಿಂದ ವೈದ್ಯನು ಎಡ ಪ್ರಧಾನ ಶ್ವಾಸನಾಳದ ನೆರಳನ್ನು ಗುರುತಾಗಿಟ್ಟುಕೊಂಡು ಗೋಡೆಯನ್ನು ತಡವುತ್ತ ಮೇಲೆ ಕೆಳಗೆ ಸರಿಸುತ್ತಾನೆ. ತುದಿ ನಾಳದ ಬಾಯಿಗೆ ಸಿಕ್ಕಿಕೊಂಡಾಗ ಅದರ ಆಟ ನಿಂತು ಬೆರಳಿಗೆ ಗೊತ್ತಾಗುತ್ತದೆ. ಕೊಂಚ ಡೈ ಹಾಯಿಸಿ, ಉಸಿರು ಹಿಡಿಯಲು ಹೇಳಿ ಚಿತ್ರ ತೆಗೆಯುತ್ತಾರೆ. ಮೂಳೆಗಳ ನೆರಳನ್ನು ಕಳೆದು ನಾಳಗಳನ್ನು ಮಾತ್ರ ತೋರಿಸುವ ಈ ಚಿತ್ರಕ್ಕೆ ಮೈ ಅಲುಗಬಾರದು. ಆದರೆ ಕೆಮ್ಮುವುದೇ ಇವನ ಕಾಯಿಲೆ. ಒಂದೊಂದು ಚಿತ್ರವನ್ನೂ ಎರಡು ಕೆಮ್ಮುಗಳ ನಡುವಿನ ಬಿಡುವಿನಲ್ಲಿ ಕದಿಯಬೇಕಾಗುತ್ತದೆ. ರಕ್ತ ಚಿಮ್ಮುವ ತೂತನ್ನೇ ಪರದೆಯ ಮೇಲೆ ಕಾಣುತ್ತೇವೆಂದು ಭಾವಿಸಿದವರಿಗೆ ನಿರಾಶೆಯಾದೀತು. ಡೈ ನಾಳದಿಂದ ಹೊರಚೆಲ್ಲುವುದು ಹತ್ತರಲ್ಲೊಬ್ಬನಲ್ಲಿ ಕಂಡರೂ ಹೆಚ್ಚು. ಕಾಣುವುದು ಪರೋಕ್ಷ ಲಕ್ಷಣಗಳು: ದಪ್ಪಗಾಗಿ ತಿರುಚಿಕೊಂಡ ನಾಳ, ಅದರ ತುದಿಯಲ್ಲಿ ಶಾಯಿ ಹರಡಿದಂಥ ಕಪ್ಪು ಮಬ್ಬು, ಅಲ್ಲಿಂದ ಪುಪ್ಪುಸ ಧಮನಿಯೊಳಕ್ಕೆ ಅಕಾಲದಲ್ಲಿ ಹಾದ ಡೈ. ಅನಂತರ ಮೊದಲ ಕ್ಯಾತಿಟರಿನೊಳಗಿಂದ ಒಂದು ಮಿಲಿಮೀಟರಿಗೂ ಕಡಮೆ ದಪ್ಪದ ಸೂಕ್ಷ್ಮ ಕ್ಯಾತಿಟರನ್ನು ಮುಂದಕ್ಕೆ ನೂಕಿ, ಡೈನೊಡನೆ ಕಲಸಿದ ಕಣಗಳನ್ನು ಸಣ್ಣ ಸಿರಿಂಜಿನಿಂದ ಬಿಟ್ಟು ಬಿಟ್ಟು ತಳ್ಳುತ್ತಾರೆ. ರಕ್ತದ ಹರಿವೇ ಅವನ್ನು ಒಯ್ಯುತ್ತದೆ. ಹರಿವು ನಿಧಾನವಾಗಿ, ಡೈ ನಿಂತಲ್ಲೇ ನಿಂತು ತೂಗಾಡತೊಡಗಿದಾಗ ಕೈ ನಿಲ್ಲಿಸಬೇಕು. ಆಗಲೂ ತಳ್ಳಿದರೆ ಕಣಗಳು ಹಿಮ್ಮೆಟ್ಟಿ ಮಹಾಧಮನಿಗೆ ಬಿದ್ದು ಬೇಡವಾದ ಕಡೆ ಹೋಗಿ ಕುಳಿತುಕೊಳ್ಳುತ್ತವೆ.

ಮುಚ್ಚುವ ಪದಾರ್ಥ ಯಾವುದಿರಬೇಕೆಂಬ ಚರ್ಚೆ ಇನ್ನೂ ಮುಗಿದಿಲ್ಲ. ರೆಮಿಯವರ ಕಾಲದ ಜೆಲಾಟಿನ್ ಸ್ಪಂಜು ಅಗ್ಗ, ಎಲ್ಲೆಡೆಯೂ ದೊರೆಯುವಂಥದು. ಆದರೆ ವಾರಗಳಲ್ಲಿ ಕರಗಿಹೋಗುತ್ತದೆ, ನಾಳ ಮತ್ತೆ ತೆರೆದುಕೊಳ್ಳುತ್ತದೆ. ಈಗ ಹೆಚ್ಚಾಗಿ ಬಳಸುವುದು ಪಾಲಿವಿನೈಲ್ ಆಲ್ಕೊಹಾಲಿನ, ಕರಗದ ಕಣಗಳನ್ನು. ಅವುಗಳ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ. ಬ್ರಾಂಕಿಯಲ್ ಮತ್ತು ಪುಪ್ಪುಸ ವ್ಯೂಹಗಳನ್ನು ಕೂಡಿಸುವ ಸ್ವಾಭಾವಿಕ ಸೇತುನಾಳಗಳು ಸುಮಾರು ೩೨೫ ಮೈಕ್ರಾನ್ ಅಗಲದವು. ಇದಕ್ಕಿಂತ ಸಣ್ಣ ಕಣಗಳು ಆ ಸೇತುವೆಯನ್ನು ದಾಟಿ ಹೃದಯದ ಎಡಭಾಗಕ್ಕೂ ಅಲ್ಲಿಂದ ಮೆದುಳಿಗೂ ಹೋಗಬಹುದು, ಇಲ್ಲವೆ ಶ್ವಾಸನಾಳದ ಗೋಡೆಯ ಕಟ್ಟಕಡೆಯ ನಾಳವನ್ನೂ ಮುಚ್ಚಿ ಅದನ್ನು ಕೊಳೆಯಿಸಬಹುದು. ಆದುದರಿಂದ ೩೫೦ರಿಂದ ೫೦೦ ಮೈಕ್ರಾನಿನ ಕಣಗಳು ರೂಢಿಗೆ ಬಂದವು. ಸಯನೋಆಕ್ರಿಲೇಟ್ ಎಂಬ ಅಂಟು ಮತ್ತೊಂದು: ರಕ್ತವನ್ನು ಮುಟ್ಟಿದೊಡನೆ ಗಟ್ಟಿಯಾಗುವುದರಿಂದ, ಕ್ಯಾತಿಟರನ್ನು ಮೊದಲು ಗ್ಲೂಕೋಸ್ ನೀರಿನಿಂದ ತೊಳೆದು, ಅಂಟನ್ನು ಎಣ್ಣೆಯಂಥ ಡೈನೊಡನೆ ಬೆರೆಸಿ, ಕ್ಷಣಗಳಲ್ಲಿ ಬಿಟ್ಟು ಕ್ಯಾತಿಟರನ್ನು ಹಿಂದಕ್ಕೆಳೆಯಬೇಕು, ಪಳಗಿದ ಕೈಗಲ್ಲದೆ ಒಗ್ಗದ ವಿದ್ಯೆ, ಒಗ್ಗಿದವರಲ್ಲಿ ಫಲ ಬಾಳಿಕೆಯದು. ಲೋಹದ ಸುರುಳಿಗಳನ್ನು, ಎಂದರೆ ಕಾಯಿಲ್‌ಗಳನ್ನು, ಬ್ರಾಂಕಿಯಲ್ ಧಮನಿಯಲ್ಲಿ ಇಡಬಾರದೆಂಬುದು ದೀರ್ಘಕಾಲದ ಪಾಠ. ತೂಬನ್ನು ಮುಚ್ಚಿದರೂ ಏರಿಯ ಮಗ್ಗುಲಿನಿಂದ ಜಿನುಗಿದ ನೀರು ಅದೇ ಗದ್ದೆಯನ್ನು ಸೇರುವಂತೆ, ಬುಡವನ್ನಷ್ಟೇ ಕಟ್ಟಿದರೆ ಅಕ್ಕಪಕ್ಕದ ನಾಳಗಳು ಮುಂದಿನ ಜಾಲಕ್ಕೆ ರಕ್ತವನ್ನೂಡುತ್ತವೆ; ಅಷ್ಟೇ ಅಲ್ಲದೆ, ಮತ್ತೊಮ್ಮೆ ಒಳಹೋಗುವ ಬಾಗಿಲನ್ನು ವೈದ್ಯನೇ ಮುಚ್ಚಿಕೊಂಡಂತಾಗುತ್ತದೆ. ಆದರೆ ಈ ಪಾಠವನ್ನು ಪ್ರಶ್ನಿಸಿದವರಿದ್ದಾರೆ. ಜಪಾನಿನ ಕಿಶಿವಾಡದ ವೈದ್ಯರು ಕಾಯಿಲ್‌ಗಳನ್ನು ಬುಡದಲ್ಲಲ್ಲದೆ ನಾಳದ ದೂರದ ಕವಲುಗಳಲ್ಲಿ ಇಟ್ಟು, ೨೦೧೭ರಲ್ಲಿ ೪೮೯ ರೋಗಿಗಳ ಫಲವನ್ನು ಪ್ರಕಟಿಸಿದರು. ಮೊದಲ ವರುಷದ ಕೊನೆಗೆ ನೂರಕ್ಕೆ ಸುಮಾರು ೯೦ ಮಂದಿಗೆ ರಕ್ತ ಮರುಕಳಿಸಿರಲಿಲ್ಲ. ಪದಾರ್ಥಕ್ಕಿಂತಲೂ ಅದನ್ನು ಎಲ್ಲಿ ಇಟ್ಟರೆಂಬುದೇ ಮುಖ್ಯವೆಂದು ನನಗೆ ತೋರುತ್ತದೆ.

ಈ ಚಿಕಿತ್ಸೆಯ ಮೇಲೆ ಮೊದಲಿನಿಂದಲೂ ಕವಿದಿರುವ ಭಯವೊಂದುಂಟು, ಅದು ಬೆನ್ನುಹುರಿಯ ಭಯ. ೧೮೮೨ರಲ್ಲಿ ಕ್ರಾಕೋವಿನ ಆಡಮ್‌ಕೀವಿಚ್ ವರ್ಣಿಸಿದ, ಇಂದು ಅವನ ಹೆಸರನ್ನೇ ಹೊತ್ತಿರುವ ಧಮನಿ ಬೆನ್ನುಹುರಿಯ ಕೆಳಭಾಗಕ್ಕೆ ರಕ್ತವನ್ನು ಕೊಡುತ್ತದೆ. ಅದು ಸಾಮಾನ್ಯವಾಗಿ ಎದೆಯ ಕೆಳಗಿನ ಕಶೇರುಕಗಳ ಮಟ್ಟದಲ್ಲಿ ಹುಟ್ಟುವುದಾದರೂ, ಬೆನ್ನುಹುರಿಗೆ ಹೋಗುವ ಮತ್ತೊಂದು ಕವಲು ನೂರರಲ್ಲಿ ಐದರಿಂದ ಹತ್ತು ಮಂದಿಯಲ್ಲಿ ಬಲಗಡೆಯ ಬ್ರಾಂಕಿಯಲ್ ಧಮನಿಯ ಬುಡದಿಂದಲೇ ಹೊರಡುತ್ತದೆ. ಮೇಲಕ್ಕೇರಿ, ಹೇರ್‌ಪಿನ್ನಿನ ಆಕಾರದಲ್ಲಿ ಥಟ್ಟನೆ ಬಾಗಿ, ಬೆನ್ನಿನ ನಡುಗೆರೆಯಲ್ಲಿ ಕೆಳಕ್ಕಿಳಿಯುವ ಕೂದಲೆಳೆಯಂಥ ನೆರಳು ಪರದೆಯ ಮೇಲೆ ಕಂಡಿತೆಂದರೆ ಕಣವನ್ನು ಬಿಡಬಾರದು. ಬಿಟ್ಟರೆ, ರಕ್ತ ನಿಂತ ರೋಗಿ ಕಾಲುಗಳ ಸ್ವಾಧೀನವನ್ನು ಕಳೆದುಕೊಂಡು ಮೇಜಿನಿಂದ ಇಳಿಯಬೇಕಾದೀತು. ಹಳೆಯ ವರದಿಗಳಲ್ಲಿ ಈ ಅನಾಹುತ ನೂರಕ್ಕೆ ಒಂದರಿಂದ ಆರರವರೆಗೂ ಇದ್ದಿತು. ಸೂಕ್ಷ್ಮ ಕ್ಯಾತಿಟರ್ ಬಂದ ಮೇಲೆ ಅಪಾಯದ ಕವಲನ್ನು ದಾಟಿ ಮುಂದೆ ಹೋಗಿ ಕಣ ಬಿಡುವುದು ಸಾಧ್ಯವಾಯಿತು. ಜಪಾನಿನ ೮,೫೦೦ಕ್ಕೂ ಮಿಕ್ಕಿದ ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಈಚಿನ ಅಧ್ಯಯನದಲ್ಲಿ ಈ ಅನಾಹುತ ಸಾವಿರಕ್ಕೆ ಎರಡರ ಆಸುಪಾಸಿಗೆ ಇಳಿದಿದೆ. ಉಳಿದ ತೊಂದರೆಗಳು ಸಣ್ಣವು: ಕೆಲವು ದಿನಗಳ ಎದೆನೋವು, ಅನ್ನನಾಳದ ಕವಲುಗಳೂ ಮುಚ್ಚಿದುದರಿಂದ ನುಂಗುವಾಗ ಕಷ್ಟ, ಸ್ವಲ್ಪ ಜ್ವರ. ಇವು ತಾವಾಗಿಯೇ ಶಮನವಾಗುತ್ತವೆ.

ಫಲದ ವಿಚಾರಕ್ಕೆ ಬಂದರೆ, ಆ ಕ್ಷಣದ ಸ್ರಾವವನ್ನು ನಿಲ್ಲಿಸುವುದರಲ್ಲಿ ಯಶಸ್ಸು ಬೇರೆ ಬೇರೆ ವರದಿಗಳಲ್ಲಿ ನೂರಕ್ಕೆ ೭೦ರಿಂದ ೯೯ರವರೆಗೆ ಇದೆ. ಕತ್ತಿ ಮುಟ್ಟದೆ, ಪ್ರಜ್ಞೆ ತಪ್ಪಿಸದೆ, ಒಂದೆರಡು ಗಂಟೆಗಳಲ್ಲಿ ಸಾಯುವವನನ್ನು ಉಳಿಸಿ ಹಾಸಿಗೆಗೆ ಮರಳಿಸುವ ಚಿಕಿತ್ಸೆಗಳು ವೈದ್ಯಶಾಸ್ತ್ರದಲ್ಲಿ ಎಷ್ಟಿವೆ? ಮೆಚ್ಚಲೇಬೇಕು. ಆದರೆ ಅವೇ ವರದಿಗಳ ಮುಂದಿನ ಪುಟವನ್ನು ತಿರುವಿದರೆ, ತಿಂಗಳುಗಳಲ್ಲೋ ಮೂರು ನಾಲ್ಕು ವರುಷಗಳೊಳಗೋ ರಕ್ತ ಮರುಕಳಿಸಿದವರು ನೂರಕ್ಕೆ ೧೦ರಿಂದ ೫೫ರವರೆಗೆ. ಮರುಕಳಿಸಲು ಕಾರಣಗಳಲ್ಲಿ, ಮುಚ್ಚಿದ ನಾಳ ಮತ್ತೆ ತೆರೆದುಕೊಳ್ಳುವುದು ಒಂದು; ಹುಡುಕದೆ ಬಿಟ್ಟ ನಾಳ ಮತ್ತೊಂದು. ಶ್ವಾಸಕೋಶದ ಪೊರೆ ದಪ್ಪಗಾಗಿ ಎದೆಗೋಡೆಗೆ ಅಂಟಿಕೊಂಡವರಲ್ಲಿ, ಆ ಅಂಟಿನ ದಾರಿಯಿಂದ ಪಕ್ಕೆಲುಬಿನ ಧಮನಿಗಳು, ಎದೆಮೂಳೆಯ ಹಿಂದಿನ ಧಮನಿ, ವಪೆಯ ಧಮನಿ, ಕಂಕುಳಿನ ಕವಲುಗಳು ಕೂಡ ಶ್ವಾಸಕೋಶದೊಳಕ್ಕೆ ಬೇರಿಳಿಸಿರುತ್ತವೆ. ಬ್ರಾಂಕಿಯಲ್ ಧಮನಿಯನ್ನಷ್ಟೇ ಮುಚ್ಚಿ ಎದ್ದ ವೈದ್ಯನು ಅರ್ಧ ಕೆಲಸವನ್ನೇ ಮಾಡಿದಂತೆ. ಇವೆಲ್ಲಕ್ಕಿಂತ ದೊಡ್ಡ ಕಾರಣವೆಂದರೆ ಮೂಲರೋಗವು ಅಲ್ಲಿಯೇ ಉಳಿದಿರುವುದು. ಬೂಷ್ಟಿನ ಉಂಡೆ ಇರುವ ಗುಹೆಯವರಲ್ಲಿ ಫಲ ಎಲ್ಲಕ್ಕಿಂತ ಕಡಮೆ. ಉಂಡೆ ಇರುವವರೆಗೂ ಅದು ಹೊಸ ನಾಳಗಳನ್ನು ಕರೆಯುತ್ತಲೇ ಇರುತ್ತದೆ. ಅಂಥವರಲ್ಲಿ ಶ್ವಾಸಕೋಶದ ಉಳಿದ ಶಕ್ತಿ ಒಪ್ಪುವುದಾದರೆ, ಧಮನೀರೋಧದಿಂದ ದೊರೆತ ಕೆಲವು ವಾರಗಳ ಶಾಂತಿಯಲ್ಲಿ ರೋಗಿಯನ್ನು ಸಿದ್ಧಗೊಳಿಸಿ, ಆ ಭಾಗವನ್ನು ಶಸ್ತ್ರಕ್ರಿಯೆಯಿಂದ ತೆಗೆಯುವುದೇ ಯುಕ್ತ. ತುರ್ತಿನಲ್ಲಿ ಮಾಡಿದರೆ ಐವರಲ್ಲೊಬ್ಬನನ್ನು ಬಲಿ ತೆಗೆದುಕೊಳ್ಳುವ ಶಸ್ತ್ರಕ್ರಿಯೆ, ಸಾವಧಾನದಲ್ಲಿ ಮಾಡಿದಾಗ ಎಷ್ಟೋ ಸುರಕ್ಷಿತವಾಗುತ್ತದೆ. ಧಮನೀರೋಧವನ್ನು ಶಸ್ತ್ರಕ್ರಿಯೆಯ ಪ್ರತಿಸ್ಪರ್ಧಿಯೆಂದು ಬಗೆದು ಬರೆದ ಲೇಖನಗಳನ್ನು ಓದುವಾಗ ನನಗೆ ಬೇಸರವಾಗುವುದು ಇದರಿಂದಲೇ.

ನೂರರಲ್ಲಿ ಸುಮಾರು ಐವರಲ್ಲಿ ರಕ್ತ ಬರುವುದು ಪುಪ್ಪ‍ುಸ ಧಮನಿಯಿಂದ. ಕ್ಷಯದ ಗುಹೆಯ ಗೋಡೆಯಲ್ಲಿ ಆ ಧಮನಿಯ ಕವಲು ಉಬ್ಬಿ ಒಡೆಯುವುದನ್ನು ಡೆನ್ಮಾರ್ಕಿನ ರಾಸ್ಮುಸೆನ್ ೧೮೬೮ರಲ್ಲಿಯೇ ವರ್ಣಿಸಿದ್ದನು. ಬ್ರಾಂಕಿಯಲ್ ಧಮನಿಗಳನ್ನೆಲ್ಲ ಚೆನ್ನಾಗಿ ಮುಚ್ಚಿದ ಮೇಲೂ ರಕ್ತ ನಿಲ್ಲದಿದ್ದರೆ ಈ ಉಬ್ಬನ್ನು ನೆನೆಯಬೇಕು; ಇಲ್ಲಿ ದಾರಿ ಬೇರೆ, ತೊಡೆಯ ಅಭಿಧಮನಿಯಿಂದ ಹೃದಯದ ಬಲಭಾಗವನ್ನು ಹಾದು ಹೋಗಬೇಕು, ಮತ್ತು ಇಲ್ಲಿ ಕಾಯಿಲ್‌ಗಳೇ ಸರಿಯಾದ ಸಾಧನ. ಹುಟ್ಟಿನಿಂದಲೇ ಪುಪ್ಪುಸ ಧಮನಿ ಅಭಿಧಮನಿಗಳು ನೇರವಾಗಿ ಕೂಡಿಕೊಂಡ ದೋಷವನ್ನೂ ಹೀಗೆಯೇ ಮುಚ್ಚುತ್ತಾರೆ. ೧೯೭೭ರಲ್ಲಿ ಬರ್ಲಿನ್ನಿನ ಪೋರ್ಸ್ಟ್‌ಮನ್ ಅದಕ್ಕೆ ದಾರಿ ತೋರಿದರು.

ಇಷ್ಟು ಪ್ರಚಾರದಲ್ಲಿರುವ ಚಿಕಿತ್ಸೆಗೆ, ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿದ ಪ್ರಯೋಗದ ಆಧಾರ ಬಹುಕಾಲ ಇರಲಿಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾದೀತು. ಕಣ್ಣೆದುರಿಗೆ ಉಸಿರುಕಟ್ಟುತ್ತಿರುವವನಿಗೆ ಚಿಕಿತ್ಸೆಯನ್ನು ನಿರಾಕರಿಸಿ ಹೋಲಿಸಿ ನೋಡುವ ಎದೆಗಾರಿಕೆ ಯಾರಿಗಿದ್ದೀತು? ಆದರೆ ಅಲ್ಪಪ್ರಮಾಣದ ಸ್ರಾವದವರಲ್ಲಿ ಆ ಪ್ರಶ್ನೆ ನ್ಯಾಯವಾದುದೇ. ಫ್ರಾನ್ಸಿನ ವೈದ್ಯರು ೧೦೦ರಿಂದ ೨೦೦ ಮಿಲಿಲೀಟರ್ ರಕ್ತ ಹೋದವರನ್ನು ತೆಗೆದುಕೊಂಡು ನಡೆಸಿದ, ೨೦೨೩ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬರಿಯ ಔಷಧ ಪಡೆದ ೩೮ ಮಂದಿಯಲ್ಲಿ ೧೭ ಮಂದಿಗೆ ತಿಂಗಳೊಳಗೆ ರಕ್ತ ಮರಳಿತು. ಔಷಧದೊಡನೆ ಧಮನೀರೋಧವನ್ನೂ ಪಡೆದ ೩೪ರಲ್ಲಿ ನಾಲ್ವರಿಗೆ ಮಾತ್ರ. ಉದ್ದೇಶಿಸಿದ್ದಷ್ಟು ರೋಗಿಗಳು ಸಿಕ್ಕದೆ ಪ್ರಯೋಗ ನಡುವೆಯೇ ನಿಂತಿತಾದರೂ, ಕಾದು ನೋಡೋಣವೆಂಬ ಹಳೆಯ ಧೋರಣೆಯನ್ನು ಅಲುಗಿಸಲು ಈ ಅಂಕಿಗಳು ಸಾಕು.

ನಮ್ಮ ದೇಶಕ್ಕೆ ಸಂಬಂಧಿಸಿದಂತೆ ಪ್ರಶ್ನೆ ಸ್ವಲ್ಪ ಬೇರೆಯ ರೂಪವನ್ನು ತಾಳುತ್ತದೆ. ೧೯೫೬ರಲ್ಲಿ ಮದರಾಸಿನಲ್ಲಿ ಆರಂಭವಾದ ಪ್ರಯೋಗ, ಕ್ಷಯರೋಗಿಗೆ ಆರೋಗ್ಯಧಾಮ ಬೇಡ, ಮನೆಯಲ್ಲಿಯೇ ಔಷಧ ಕೊಟ್ಟರೆ ಸಾಕೆಂದು ಜಗತ್ತಿಗೆ ತೋರಿಸಿಕೊಟ್ಟಿತು. ೧೯೫೯ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅದನ್ನು ಹಳ್ಳಿಹಳ್ಳಿಗೆ ಒಯ್ಯುವ ಕಾರ್ಯಕ್ರಮವನ್ನು ರೂಪಿಸಿತು. ಈ ಮಹತ್ಕಾರ್ಯದಿಂದ ಲಕ್ಷಾಂತರ ಜೀವಗಳು ಉಳಿದವು. ಆದರೆ ಕಾರ್ಯಕ್ರಮದ ಲೆಕ್ಕದಲ್ಲಿ ಗುಣಮುಖರೆಂದು ಬರೆದು ಮುಗಿಸಿದವರ ಶ್ವಾಸಕೋಶದ ಗುಹೆಗಳನ್ನು ಆಮೇಲೆ ವಿಚಾರಿಸುವವರಾರೂ ಇಲ್ಲ. ರಕ್ತ ಕಾರಿದ ದಿನ ಅವರು ಹೋಗುವುದು ತಾಲ್ಲೂಕು ಆಸ್ಪತ್ರೆಗೆ. ಅಲ್ಲಿ ಆಗಬೇಕಾದುದು ಬದಿಯನ್ನು ಗುರುತಿಸಿ ಆ ಮಗ್ಗುಲಿಗೆ ಮಲಗಿಸುವುದು, ರಕ್ತ ತಡೆಯುವ ಚುಚ್ಚುಮದ್ದು, ಒಂದು ಎದೆಯ ಚಿತ್ರ, ತಡಮಾಡದೆ ದೊಡ್ಡ ಊರಿಗೆ ಆಂಬುಲೆನ್ಸು. ಆಗುವುದು ಹಲವು ಸಲ ಕ್ಷಯದ ಔಷಧದ ಮತ್ತೊಂದು ಸರದಿ, ರೋಗಾಣುವಿನ ಸುಳಿವಿಲ್ಲದೆಯೇ. ಕ್ಯಾತ್‌ಲ್ಯಾಬುಗಳು ಈಗ ಜಿಲ್ಲಾ ಕೇಂದ್ರಗಳಲ್ಲಿಯೂ ಕಾಣಿಸಿಕೊಳ್ಳುತ್ತಿವೆ, ಹೃದಯದ ನಾಳಗಳಿಗೆ ಸ್ಟೆಂಟ್ ಹಾಕುವುದಕ್ಕಾಗಿ. ಅದೇ ಮೇಜು, ಅದೇ ಯಂತ್ರ, ಅದೇ ತೊಡೆಸಂದಿ. ಇಲ್ಲದಿರುವುದು ಬ್ರಾಂಕಿಯಲ್ ಧಮನಿಗಳ ದಾರಿಯನ್ನು ಬಲ್ಲ ವೈದ್ಯ. ಇಮಾರತಿಗಿಂತ ಆ ಒಬ್ಬ ಮನುಷ್ಯನನ್ನು ತಯಾರು ಮಾಡುವುದರಲ್ಲಿ ಹೆಚ್ಚು ಖರ್ಚು ಮಾಡಬೇಕೆಂದು ನನ್ನ ಅಭಿಪ್ರಾಯ.

ಕೊನೆಯದಾಗಿ, ಯಾರೂ ಅಷ್ಟಾಗಿ ಚರ್ಚಿಸದ, ಆದರೆ ಎರಡನೆಯ ಸಲ ರಕ್ತ ಬಂದವನಿಗೆ ಪ್ರಾಣಪ್ರಶ್ನೆಯಾಗಬಹುದಾದ ಸಂಗತಿಯೊಂದನ್ನು ಹೇಳಬೇಕಾಗಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಕೊಡುವ ಡಿಸ್ಚಾರ್ಜ್ ಚೀಟಿಯಲ್ಲಿ ಅನೇಕ ವೇಳೆ ಧಮನೀರೋಧ ಮಾಡಲಾಯಿತು ಎಂಬ ಒಂದು ಸಾಲಿರುತ್ತದೆ, ಅಷ್ಟೆ. ಯಾವ ಬದಿಯ ಯಾವ ನಾಳ, ಯಾವ ಪದಾರ್ಥ, ಎಷ್ಟು ಅಳತೆಯ ಕಣ, ಬೆನ್ನುಹುರಿಯ ಕವಲು ಕಂಡದ್ದರಿಂದ ಮುಟ್ಟದೆ ಬಿಟ್ಟ ನಾಳ ಯಾವುದು, ಸಮಯವಿಲ್ಲದೆ ನೋಡದೆ ಉಳಿದುದು ಯಾವುದು: ಇವನ್ನು ಬರೆದು, ಚಿತ್ರಗಳ ಸಿ.ಡಿ.ಯನ್ನು ರೋಗಿಯ ಕೈಗೇ ಕೊಟ್ಟು, ಚಮಚೆಯಷ್ಟು ರಕ್ತ ಕಂಡರೂ ಇದನ್ನು ಹಿಡಿದುಕೊಂಡು ಬಾರಪ್ಪ ಎಂದು ಹೇಳಿ ಕಳುಹಿಸಿದರೆ, ಮುಂದಿನ ಸಲ ನಡುರಾತ್ರಿಯಲ್ಲಿ ಬೇರೊಂದು ಊರಿನ ಬೇರೊಬ್ಬ ವೈದ್ಯನು ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕಾಗುವುದಿಲ್ಲ.